ವೇಗದ ರೈಫಲ್, ನಳಿಗೆಯ ಆಯುಸ್ಸು

ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ಕೋವಿಯ ವಯಸ್ಸನ್ನು ತಲೆಮಾರುಗಳಲ್ಲಿ ಹೇಳುವುದು ರೂಢಿ. ಆದರೆ ಕಿರಿದಾದ ನಳಿಗೆಯಿಂದ ಅತಿವೇಗದ ಗುಂಡು ಹಾರಿಸುವ ರೈಫಲ್‌ಗಳ ಆಯುಸ್ಸನ್ನು ಹಾರಿಸಿದ ತೋಟಾಗಳ ಲೆಕ್ಕದಲ್ಲೇ ಅಳೆಯಬೇಕು. 1935ರಲ್ಲಿ ವಿಂಚೆಸ್ಟರ್ ಕಂಪನಿ ತಂದ .220 ಸ್ವಿಫ್ಟ್ ಎಂಬ ತೋಟಾ, 48 ಗ್ರೇನ್, ಅಂದರೆ ಸುಮಾರು ಮೂರು ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 4,110 ಅಡಿ ವೇಗದಲ್ಲಿ ಕಳುಹಿಸುತ್ತಿತ್ತು. 1965ರಲ್ಲಿ ರೆಮಿಂಗ್ಟನ್ ಕಾರ್ಖಾನೆಯ ತೋಟಾವಾಗಿ ಬಂದ .22-250 ಮತ್ತು 2004ರ .204 ರೂಗರ್ ಇದೇ ದಾರಿಯಲ್ಲಿ ಬಂದವು.

ಇವು ಅಮೆರಿಕದ ಬಯಲಿನ ಅಗತ್ಯಕ್ಕೆ ಹುಟ್ಟಿದವು. ಹುಲ್ಲುಗಾವಲಿನಲ್ಲಿ ಬಿಲ ತೋಡುವ ಪ್ರೇರಿ ಡಾಗ್ ಎಂಬ ಪುಟ್ಟ ಪ್ರಾಣಿಯನ್ನು ಮುನ್ನೂರು ಗಜದಾಚೆ ಹೊಡೆಯಲು ಗುಂಡು ಹೆಚ್ಚು ಬಾಗದೆ ಸಾಗಬೇಕು, ನೆಲಕ್ಕೆ ಬಡಿದರೆ ಬೇರೆಡೆಗೆ ಚಿಮ್ಮದೆ ಪುಡಿಯಾಗಬೇಕು. ತೆಳು ಹೊದಿಕೆಯ ಹಗುರ ಗುಂಡು ಮತ್ತು ವಿಪರೀತ ವೇಗ ಈ ಎರಡನ್ನೂ ಸಾಧಿಸುತ್ತವೆ.

ಅದರ ಬೆಲೆಯನ್ನು ತೆರುವುದು ನಳಿಗೆಯ ಕೊರಳು, ಅಂದರೆ ತೋಟಾ ಕೂರುವ ಚೇಂಬರಿನ ಮುಂದೆ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು) ಆರಂಭವಾಗುವ ಜಾಗ. ಗುಂಡಿನ ಉಜ್ಜಾಟದಿಂದಲೇ ನಳಿಗೆ ಸವೆಯುತ್ತದೆಂದು ನಮ್ಮಲ್ಲಿ ಅನೇಕರು ಹೇಳುವುದನ್ನು ಕೇಳಿದ್ದೇನೆ. ನಿಜವಾದ ಶತ್ರು ಬಿಸಿ. .223 ರೆಮಿಂಗ್ಟನ್ ತೋಟಾದಲ್ಲಿ ಸುಮಾರು 26 ಗ್ರೇನ್ ಮದ್ದು ಉರಿದರೆ, ಅಷ್ಟೇ ಅಗಲದ ರಂಧ್ರದಲ್ಲಿ .22-250 ಸುಮಾರು 36 ಗ್ರೇನ್ ಉರಿಸುತ್ತದೆ. ಉಕ್ಕಿನ ಕರಗುವ ಬಿಂದುವಿಗಿಂತಲೂ ಬಿಸಿಯಾದ ಆ ಅನಿಲ ಕಣ್ಣೆವೆ ಇಕ್ಕುವುದರೊಳಗೆ ಹಾದುಹೋದರೂ ಒಳಮೈಯ ತೆಳುಪದರವನ್ನು ಗಡುಸಾಗಿಸಿ ಪೆಡಸು ಮಾಡುತ್ತದೆ. ಕೊರಳೊಳಗೆ ಬೋರ್‌ಸ್ಕೋಪ್ ಎಂಬ ಒಳನೋಟದ ಸಾಧನ ಇಳಿಸಿ ನೋಡಿದರೆ ಬೇಸಿಗೆಯ ಗದ್ದೆಯ ಕೆಸರಿನಂಥ ಬಿರುಕುಗಳ ಬಲೆ ಕಾಣುತ್ತದೆ. ಮುಂದೆ ಆ ಪದರ ಚೂರುಚೂರಾಗಿ ಕಳಚಿ, ರೈಫ್ಲಿಂಗಿನ ಆರಂಭ ಮುಂದಕ್ಕೆ ಸರಿದು, ಗುರಿಯ ಮೇಲೆ ಗುಂಡುಗಳು ಒಂದೆಡೆ ಬೀಳದೆ ಚದುರತೊಡಗುತ್ತವೆ.

ಹೀಗಾಗಿ .22-250ರ ನಳಿಗೆ ಕೆಲವೇ ಸಾವಿರ ಗುಂಡುಗಳಿಗೆ ತನ್ನ ನಿಖರತೆಯನ್ನು ಕಳೆದುಕೊಳ್ಳಬಹುದು, ಎಡೆಬಿಡದೆ ಹಾರಿಸಿದರೆ ಇನ್ನೂ ಬೇಗ. ಒಂದೇ ರೈಫಲ್ ಆದರೂ ನಳಿಗೆ ಆರಲು ಬಿಡುವವನ ಕೈಯಲ್ಲಿ ಹೆಚ್ಚು ಕಾಲ ಬಾಳುತ್ತದೆ. ಸ್ಟೇನ್‌ಲೆಸ್ ಉಕ್ಕು ಸ್ವಲ್ಪ ಸಹಾಯ ಮಾಡೀತು. ತಾಳ್ಮೆಯೇ ಹೆಚ್ಚು ಸಹಾಯ ಮಾಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಕೊಡಗಿನ ತರುಣರು ಇಂಥ ರೈಫಲ್‌ಗಳ ಬಗ್ಗೆ ಆಸೆಯಿಂದ ಕೇಳುತ್ತಾರೆ. ಆದರೆ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಸಮಯದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಪಾಯಿಂಟ್ ಟೂ ಟೂ ಎಂಬ ಸಣ್ಣ ತೋಟಾದ ರೈಫಲ್ ಧಾರಾಳ ಸಾಕು. ಅದರ ತೋಟಾದಲ್ಲಿ ಮದ್ದು ಒಂದೆರಡು ಗ್ರೇನ್ ಮಾತ್ರ ಇರುವುದರಿಂದ, ಚೆನ್ನಾಗಿ ನೋಡಿಕೊಂಡರೆ ಅದರ ನಳಿಗೆಯನ್ನು ಮೊಮ್ಮಕ್ಕಳೂ ಬಳಸಬಹುದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಬೇಟೆಗೆ ಅನುಮತಿಯಲ್ಲ ಎಂಬುದನ್ನೂ ಇಲ್ಲಿ ಸ್ಪಷ್ಟವಾಗಿ ಹೇಳಬೇಕು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮಗೂ ಅನ್ವಯಿಸುತ್ತದೆ.

ನಮ್ಮಲ್ಲಿ ನಳಿಗೆಗಳನ್ನು ಬಿಸಿಗಿಂತ ಹೆಚ್ಚಾಗಿ ಕೆಡಿಸುವುದು ಮಳೆಗಾಲದ ತೇವ. ಕೈಲ್ ಪೊಳ್ದ್ ಪೂಜೆಯಲ್ಲಿ ನಳಿಗೆಯ ಬಾಯಿಗೆ ಸಿಕ್ಕಿಸುವ ತೋಕ್ ಪೂವಿನ, ಅಂದರೆ ಕೋವಿ ಹೂವಿನ, ಹಸಿ ತೊಟ್ಟು ಅಲ್ಲಿ ನೀರಿನ ಪಸೆ ಬಿಡುತ್ತದೆ. ಪೂಜೆ ಮುಗಿದ ದಿನವೇ ಹೂವನ್ನು ತೆಗೆದು, ಒಣಬಟ್ಟೆಯನ್ನು ಚೇಂಬರಿನ ಕಡೆಯಿಂದ ಹಾಯಿಸಿ, ತೆಳುವಾಗಿ ಎಣ್ಣೆ ಸವರಬೇಕು. ಮುಂದೆ ಗುಂಡು ಹಾರಿಸುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಬೇಕು.