ಪರಿಮಳದ ಗುಲಾಬಿ ಬೇಕಂದ್ರೆ ಪಕ್ಕದ್ಮನೆ ಹಿತ್ಲು ನೋಡಿ

ಮೃಗಶಿರ ಮಳೆ ಶುರುವಾಯ್ತು ಅಂದ್ರೆ ನಮ್ಮ ಮಲೆನಾಡು ಕಡೆ ಹೆಂಗಸರಿಗೆ ಒಂಥರಾ ಹುಚ್ಚು ಹತ್ಕೊಳತ್ತೆ. ಯಾರ ಮನೆಗೆ ಹೋದ್ರೂ ಒಳಗೆ ಕಾಲಿಡೋಕ್ಮುಂಚೆ ಅಂಗಳ ಒಂದ್ ಸುತ್ತು ಹಾಕೋದು, ಹೊಸ ಡೇರೆ ಹೂ ಏನ್ ಬಂದಿದೆ, ಸೇವಂತಿಗೆ ಯಾವ ಬಣ್ಣ ಅಂತ ನೋಡೋದು, ಆಮೇಲೆ ಕಾಫಿ ಕುಡಿದು ಹೊರಡೋವಾಗ "ಇದ್ರದ್ದೊಂದು ಗೆಲ್ಲು ಕೊಡೇ" ಅಂತ ಕೇಳಿ ಒದ್ದೆ ಬಟ್ಟೇಲಿ ಸುತ್ಕೊಂಡು ಬರೋದು. ಕೇಳದೇ ಮುರ್ಕೊಂಡು ಬಂದ್ರೆ ಚೆನ್ನಾಗಿ ಚಿಗುರತ್ತೆ ಅನ್ನೋರೂ ಇದ್ದಾರೆ, ಅದು ಅವರವರಿಗೆ ಬಿಟ್ಟಿದ್ದು.

ಆದ್ರೆ ಈಗೀಗ ಗುಲಾಬಿ ಅಂದ್ರೆ ಯಾರೂ ಗೆಲ್ಲು ಕೇಳೋದೇ ಇಲ್ಲ. ಟೆಂಪೋದಲ್ಲಿ ಗಿಡ ಮಾರೋಕೆ ಬರ್ತಾರಲ್ಲ, ಆಂಧ್ರದ ಕಡಿಯಂ ಕಡೆಯಿಂದೆಲ್ಲ ಬರೋ ಗಿಡಗಳು, ಕಪ್ಪು ಪ್ಲಾಸ್ಟಿಕ್ ಚೀಲ, ಅಂಗೈಯಗಲದ ಹೂವು, ಹಳದಿ ಬಿಳಿ ಕೇಸರಿ ಎರಡು ಬಣ್ಣದ್ದು, ನೋಡಿದ ಕೂಡ್ಲೇ ತಗೋಬೇಕು ಅನ್ಸತ್ತೆ, ತಂದು ನೆಟ್ಟು ಹೂ ಬಿಟ್ಟ ಮೇಲೆ ಮೂಗಿಗೆ ಹಿಡಿದ್ರೆ ಏನೂ ಇಲ್ಲ. ಗುಲಾಬಿಗೆ ಪರಿಮಳ ಇಲ್ಲ ಅಂದ್ಮೇಲೆ ಆ ಮುಳ್ಳು ಚುಚ್ಚಿಸ್ಕೊಂಡು ಯಾಕೆ ಸಾಕ್ಬೇಕು ಹೇಳಿ, ದಾಸವಾಳನೇ ಸಾಕು.

ನನ್ನ ಮಟ್ಟಿಗೆ ಮನೆ ಮುಂದೆ ಒಂದೇ ಒಂದು ಗುಲಾಬಿ ಇಡೋಕೆ ಜಾಗ ಇದ್ರೆ ಅದು ಪನ್ನೀರ್ ಗುಲಾಬೀನೇ ಆಗಿರ್ಬೇಕು. ನಾಟಿ ಗುಲಾಬಿ, ಊರ ಗುಲಾಬಿ ಅಂತ್ಲೂ ಅಂತಾರೆ. ಹೂ ಅಂಥಾ ದೊಡ್ಡದಲ್ಲ, ಶೇಪ್ ಅಂತೂ ಇಲ್ವೇ ಇಲ್ಲ, ಅರಳಿದ್ರೆ ಎಸಳೆಲ್ಲ ಒಂದ್ರ ಮೇಲೊಂದು ಮುದ್ದೆಯಾಗಿ ಮಧ್ಯ ಹಳದಿ ಕೇಸರ ಕಾಣೋ ಹಾಗೆ ಬಾಯಿ ಬಿಟ್ಕೊಂಡಿರತ್ತೆ, ಮಧ್ಯಾಹ್ನದ ಹೊತ್ತಿಗೆ ಬಾಡತ್ತೆ, ಮುಟ್ಟಿದ್ರೆ ಉದುರತ್ತೆ. ಆದ್ರೆ ಬೆಳಿಗ್ಗೆ ಗೇಟ್ ತೆಗೆಯೋವಾಗ್ಲೇ ಅರಳಿದೆ ಅಂತ ಗೊತ್ತಾಗತ್ತೆ, ನೋಡೋದೇ ಬೇಡ.

ಈ ಪನ್ನೀರ್ ಅನ್ನೋ ಹೆಸರಲ್ಲಿ ನಮ್ಮಲ್ಲಿ ಎರಡು ಬೇರೆ ಬೇರೆ ಗಿಡ ಇದೆ. ಒಂದು ಡಮಾಸ್ಕ್ ಗುಲಾಬಿ, ಉತ್ತರ ಪ್ರದೇಶದ ಕನೌಜ್, ಹಸಾಯನ್ ಕಡೆ ಅತ್ತರಿಗೆ ಬೆಳೆಯೋದು ಇದನ್ನೇ, ತಿಳಿ ಗುಲಾಬಿ ಬಣ್ಣ, ಕಾಂಡದ ತುಂಬಾ ಸಣ್ಣ ದೊಡ್ಡ ಮುಳ್ಳು, ಹೂವಿನ ಮುಖ್ಯ ಸೀಸನ್ ವರ್ಷಕ್ಕೊಂದೇ ಸಲ. ಇನ್ನೊಂದು ಎಡ್ವರ್ಡ್ ರೋಸ್, ಸ್ವಲ್ಪ ಗಾಢ ಬಣ್ಣ, ವರ್ಷದಲ್ಲಿ ಮತ್ತೆ ಮತ್ತೆ ಹೂ ಕೊಡತ್ತೆ. ಇದರ ಕತೆ ಚೆನ್ನಾಗಿದೆ. ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರ್ ಪಕ್ಕ ರಿಯೂನಿಯನ್ ಅಂತ ಒಂದು ದ್ವೀಪ ಇದೆಯಲ್ಲ, ಹಿಂದೆ ಅದನ್ನ ಬೂರ್ಬೋಂ ದ್ವೀಪ ಅಂತಿದ್ರು, ಅಲ್ಲಿ ರೈತರು ಗದ್ದೆಗೆ ಬೇಲಿಯಾಗಿ ಚೀನಾ ಗುಲಾಬಿ, ಡಮಾಸ್ಕ್ ಗುಲಾಬಿ ಎರಡನ್ನೂ ನೆಡ್ತಿದ್ರಂತೆ, ಅವೆರಡೂ ತಾವಾಗೇ ಬೆರೆತು ಹುಟ್ಟಿದ ಗಿಡ ಇದು, 1817ರ ಸುಮಾರಿಗೆ ಕಣ್ಣಿಗೆ ಬಿತ್ತು ಅಂತಾರೆ. ಅಮ್ಮನ ಕಡೆಯಿಂದ್ಲೋ ಅಪ್ಪನ ಕಡೆಯಿಂದ್ಲೋ ಡಮಾಸ್ಕಿನ ಪರಿಮಳ ಬಂತು, ಚೀನಾದ ಕಡೆಯಿಂದ ಪದೇ ಪದೇ ಹೂ ಬಿಡೋ ಗುಣ ಬಂತು. ಬೂರ್ಬನ್ ಗುಲಾಬಿ ಅನ್ನೋ ಇಡೀ ಗುಂಪು ಶುರುವಾಗಿದ್ದೇ ಅಲ್ಲಿಂದ. ಬೇಲಿ ಗಿಡ ಕಣ್ರೀ, ಅದಕ್ಕೇ ಇಷ್ಟು ಗಟ್ಟಿ. ನಮ್ಮ ಹವೆಗೆ ಮನೇಲಿ ಇಡೋಕೆ ನನ್ನ ಓಟು ಇದಕ್ಕೇ.

ಹಾಗಾದ್ರೆ ಅಂಗಡಿ ಗುಲಾಬಿಗೆ ಪರಿಮಳ ಯಾಕಿಲ್ಲ ಅಂತ ಕೇಳ್ಬಹುದು. ದೊಡ್ಡಬಳ್ಳಾಪುರ ಕಡೆ ಪಾಲಿಹೌಸಲ್ಲಿ ಬೆಳೆದು ಬೊಕ್ಕೆಗೆ ಹೋಗೋ ಹೂವಿಗೆ ಬೇಕಾಗಿರೋದು ಉದ್ದ ಕಡ್ಡಿ, ದಪ್ಪ ಎಸಳು, ಲಾರಿ ಏರಿ ಇಳಿದು ನೀರಲ್ಲಿ ವಾರಗಟ್ಟಲೆ ನಿಲ್ಲೋ ತಾಕತ್ತು. ತಳಿ ಮಾಡೋರು ತಲೆಮಾರುಗಟ್ಟಲೆ ಅದನ್ನೇ ನೋಡಿ ಆರಿಸ್ಕೊಂಡು ಬಂದ್ರು, ಪರಿಮಳ ದಾರೀಲೆಲ್ಲೋ ಬಿದ್ದೋಯ್ತು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಒಂದು ವಿಷಯ ಕಂಡುಹಿಡಿದ್ರು, ಗುಲಾಬಿ ಎಸಳಲ್ಲಿ ನುಡಿಕ್ಸ್ ಒನ್ ಅನ್ನೋ ಒಂದು ಎಂಜೈಮ್ ಇದೆಯಂತೆ, ಜಿರಾನಿಯಾಲ್ ಅನ್ನೋ ಪರಿಮಳದ ಅಂಶ ತಯಾರಾಗೋಕೆ ಅದೇ ಕಾರಣ, ಪರಿಮಳ ಇಲ್ಲದ ತಳೀಲಿ ಆ ಎಂಜೈಮ್ ಮಾಡೋ ಜೀನ್ ಹೆಚ್ಚುಕಮ್ಮಿ ಮಲಗಿಬಿಟ್ಟಿರತ್ತೆ. ಅಂದ್ರೆ ನೀವು ಎಷ್ಟು ಗೊಬ್ಬರ ಸುರಿದ್ರೂ, ಬಾಳೆಹಣ್ಣಿನ ಸಿಪ್ಪೆ ನೀರು ಹಾಕಿದ್ರೂ ಪರಿಮಳ ಇಲ್ಲದ ಗಿಡಕ್ಕೆ ಪರಿಮಳ ಬರಲ್ಲ. ಯೂಟ್ಯೂಬಲ್ಲಿ ಯಾರೇನೇ ಹೇಳ್ಲಿ.

ಗೆಲ್ಲು ನೆಡೋ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಪನ್ನೀರ್ ಗುಲಾಬಿಯ ದೊಡ್ಡ ಲಾಭ ಇದೇ, ಕಸಿ ಬೇಡ, ಕಡ್ಡಿಯಿಂದ್ಲೇ ಬರತ್ತೆ. ಹೂ ಬಿಟ್ಟು ಮುಗಿಸಿದ, ಪೆನ್ಸಿಲ್ ದಪ್ಪದ ಹರೆ ಆರಿಸ್ಕೊಳ್ಳಿ. ಅದ್ರ ಮುಳ್ಳನ್ನ ಬೆರಳಿಂದ ಪಕ್ಕಕ್ಕೆ ಒತ್ತಿದ್ರೆ ಟಕ್ ಅಂತ ಬಿಟ್ಕೊಬೇಕು, ಹಾಗೆ ಬಂದ್ರೆ ಹದ ಸರಿ ಇದೆ ಅಂತ, ಬಾಗಿದ್ರೆ ಇನ್ನೂ ಎಳೆಸು. ಒಂದು ಗೇಣು ಉದ್ದ ಸಾಕು. ಕೆಳಗಡೆ ಗಿಣ್ಣಿನ ಕೆಳಗೇ ಓರೆಯಾಗಿ ಕತ್ತರಿಸಿ, ಮೇಲ್ಗಡೆ ನೇರ ಕತ್ತರಿಸಿ, ಆಗ ತಲೆ ಯಾವ್ದು ಬುಡ ಯಾವ್ದು ಅಂತ ಕನ್ಫ್ಯೂಸ್ ಆಗಲ್ಲ. ತುದೀಲಿ ಒಂದೆರಡು ಎಲೆ ಬಿಟ್ಟು ಉಳಿದಿದ್ದು ತೆಗೀರಿ. ಅರ್ಧ ಮರಳು ಅರ್ಧ ಮಣ್ಣು ಕಲ್ಸಿ, ಮೊದ್ಲು ಬೇರೆ ಕಡ್ಡಿಯಿಂದ ತೂತು ಮಾಡಿ, ಎರಡು ಗಿಣ್ಣು ಒಳಗೆ ಹೋಗೋ ಹಾಗೆ ಇಟ್ಟು ಸುತ್ತ ಗಟ್ಟಿಯಾಗಿ ಒತ್ತಿ. ಒತ್ತೋದು ಮುಖ್ಯ, ಅಲ್ಲಾಡಿದ್ರೆ ಬೇರು ಬರಲ್ಲ. ಬೇರಿಗೆ ಪೌಡರ್ ಸಿಗತ್ತೆ, ಹಾಕಿದ್ರೆ ಒಳ್ಳೇದು, ಇಲ್ದಿದ್ರೂ ನಡೀತದೆ. ಸೂರಿನ ನೀರು ಬೀಳದ, ಬೆಳಕು ಇರೋ ಜಾಗದಲ್ಲಿ ಇಡಿ. ಎರಡು ವಾರಕ್ಕೆ ಚಿಗುರು ಬಂತು ಅಂತ ಕುಣಿದಾಡ್ಬೇಡಿ, ಅದು ಕಡ್ಡೀಲಿ ಉಳಿದಿದ್ದ ಶಕ್ತೀಲಿ ಬರೋ ಚಿಗುರು, ಬೇರು ಆಮೇಲೆ. ಕಿತ್ತು ಕಿತ್ತು ನೋಡೋ ಚಪಲ ಒಂದು ಬಿಡ್ಬೇಕು. ನಮ್ಮತ್ತೆ ಇನ್ನೂ ಸುಲಭದ ದಾರಿ ಮಾಡ್ತಿದ್ರು, ಉದ್ದದ ಹರೆ ಬಗ್ಗಿಸಿ, ಮಧ್ಯ ಸ್ವಲ್ಪ ತೊಗಟೆ ಕೆರೆದು ಮಣ್ಣಲ್ಲಿ ಹೂತು ಮೇಲೊಂದು ಕಲ್ಲು ಹೇರಿ ಬಿಡೋದು, ಮಳೆಗಾಲ ಮುಗಿಯೋಷ್ಟೊತ್ತಿಗೆ ಅಲ್ಲೇ ಬೇರು, ಕತ್ತರಿಸ್ಕೊಂಡು ಹೋದ್ರಾಯ್ತು.

ಜಾಗ ಅಂದ್ರೆ ಬೆಳಿಗ್ಗೆ ಬಿಸಿಲು ಬೀಳೋ ಜಾಗ, ದಿನಕ್ಕೆ ಆರು ಗಂಟೆಯಾದ್ರೂ ಬಿಸಿಲು ಬೇಕೇ ಬೇಕು. ತೆಂಗಿನ ಮರದ ಬುಡ ಬೇಡ. ನಮ್ಮ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣು, ಮಳೆಗೆ ಸಾರ ಎಲ್ಲ ತೊಳೆದು ಹೋಗಿ ಹುಳಿ ಆಗಿರತ್ತೆ, ಹಾಗಾಗಿ ಗುಂಡಿಗೆ ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಹಿಡಿ ಒಲೆ ಬೂದಿ ಹಾಕೋದು ಒಳ್ಳೇದು. ಬೆಂಗಳೂರಲ್ಲಿ ಇದು ಉಲ್ಟಾ, ಅಲ್ಲಿ ಬೋರ್‌ವೆಲ್ ಗಡಸು ನೀರು ಹಾಕಿ ಹಾಕಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿರತ್ತೆ, ಅದು ಕಬ್ಬಿಣದ ಅಂಶ ಗಿಡಕ್ಕೆ ಸಿಗ್ತಾ ಇಲ್ಲ ಅಂತ, ಅಂಥವ್ರು ಬೂದಿ ಹಾಕಿದ್ರೆ ಇನ್ನೂ ಹಾಳು. ಅವರು ಮಳೆ ನೀರು ಹಿಡಿದು ಹಾಕೋದು ವಾಸಿ. ಹೊಂಗೆ ಹಿಂಡಿ, ಬೇವಿನ ಹಿಂಡಿ ಎಲ್ಲ ಕಡೆಗೂ ಆಗತ್ತೆ.

ಮಲೆನಾಡಲ್ಲಿ ಗುಲಾಬಿಗೆ ದೊಡ್ಡ ಶತ್ರು ಅಂದ್ರೆ ಆಷಾಢ. ಎಲೆ ಮೇಲೆ ಕಪ್ಪು ಚುಕ್ಕೆ, ಚುಕ್ಕೆ ಸುತ್ತ ಹಳದಿ, ಆಮೇಲೆ ಪೂರ್ತಿ ಎಲೆ ಉದುರಿ ಬೋಳಾಗಿ ನಿಲ್ಲತ್ತೆ. ಇದು ಫಂಗಸ್, ಎಲೆ ತುಂಬಾ ಹೊತ್ತು ಒದ್ದೆ ಇದ್ರೆ ಬರೋದು, ಆದ್ರೆ ನಮ್ಮಲ್ಲಿ ಎಲೆ ಒಣಗಿರೋದೇ ಇಲ್ವಲ್ಲ. ಬಿದ್ದ ಎಲೆ ಗುಡಿಸಿ ಸುಡಿ, ಬುಡದಲ್ಲಿ ಬಿಟ್ರೆ ಅಲ್ಲಿಂದ್ಲೇ ಮತ್ತೆ ಮೇಲೆ ಹತ್ತತ್ತೆ. ತೋಟಕ್ಕೆ ಬೋರ್ಡೋ, ಅಂದ್ರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯೋರು ಬಂದಾಗ ಅಡಿಕೆ ಜೊತೆ ಇದಕ್ಕೂ ಒಂದ್ ಸಲ ತೆಳುವಾಗಿ ಹೊಡೆಸ್ಕೊಂಡ್ರೆ ಆಯ್ತು. ಮೊಗ್ಗು ಅರಳದೇ ಕಂದು ಉಂಡೆಯಾಗಿ ಕೊಳೆಯೋದೂ ಮಳೇದೇ ಕೆಲಸ, ಅಂಥಾ ಮೊಗ್ಗು ಚಿವುಟಿ ಬಿಸಾಕಿ, ಕಾಯ್ತಾ ಕೂತ್ರೆ ಅರಳಲ್ಲ.

ಬೇಸಿಗೇಲಿ ಥ್ರಿಪ್ಸ್ ಅನ್ನೋ ಸಣ್ಣ ಹುಳದ ಕಾಟ, ಎಸಳಿನ ಅಂಚು ಸುಟ್ಟ ಹಾಗೆ ಆಗತ್ತೆ, ಕಣ್ಣಿಗೆ ಕಾಣೋದೇ ಕಷ್ಟ, ಹೂವನ್ನ ಬಿಳಿ ಪೇಪರ್ ಮೇಲೆ ತಟ್ಟಿದ್ರೆ ಸಣ್ಣ ಸಣ್ಣ ಕಡ್ಡಿ ಥರ ಹರಿದಾಡ್ತವೆ. ಬೇವಿನೆಣ್ಣೆ, ಸ್ವಲ್ಪ ಸೋಪು ನೀರು, ಸಂಜೆ ಹೊತ್ತು ಹೊಡೀರಿ. ಆದ್ರೆ ಒಂದು ಕೇಸಲ್ಲಿ ದಯವಿಟ್ಟು ಏನೂ ಹೊಡೀಬೇಡಿ. ಎಲೆ ಅಂಚಲ್ಲಿ ಕಂಪಾಸ್ ಇಟ್ಟು ಕತ್ತರಿಸಿದ ಹಾಗೆ ನೀಟಾಗಿ ಅರ್ಧಚಂದ್ರ ಕತ್ತರಿಸಿ ಹೋಗಿರತ್ತಲ್ಲ, ಅದು ಹುಳ ತಿಂದಿದ್ದಲ್ಲ, ಎಲೆ ಕತ್ತರಿಸೋ ಜೇನು. ಒಂಟಿಯಾಗಿ ಬರತ್ತೆ, ಎಲೆ ಅಂಚಲ್ಲಿ ಕೂತು ಬಾಯಿಂದ ಕತ್ತರಿಸ್ತಾ ಗುಂಡಗೆ ತಿರುಗತ್ತೆ, ಕೊನೇ ಎಳೆ ಕಡಿಯೋ ಹೊತ್ತಿಗೆ ರೆಕ್ಕೆ ಬಡೀತಿರತ್ತೆ, ತುಂಡನ್ನ ಹೊಟ್ಟೆ ಕೆಳಗೆ ಮಡಚಿ ಹಿಡ್ಕೊಂಡು ಹಾರಿಹೋಗತ್ತೆ, ಮರಿಗೆ ಗೂಡಿನ ಕೋಣೆ ಕಟ್ಟೋಕೆ. ಪನ್ನೀರ್ ಗುಲಾಬಿ ಎಲೆ ತೆಳು ಮೆತ್ತಗೆ ಇರೋದಕ್ಕೋ ಏನೋ ನಮ್ಮ ಹಿತ್ಲಲ್ಲಿ ಅದಕ್ಕೇ ಜಾಸ್ತಿ ಬರತ್ತೆ. ಗಿಡಕ್ಕೆ ಏನೂ ಆಗಲ್ಲ. ನನಗಂತೂ ಅದನ್ನ ನೋಡ್ತಾ ನಿಂತ್ರೆ ಒಲೆ ಮೇಲೆ ಹಾಲು ಇಟ್ಟಿದ್ದು ಮರ್ತೋಗತ್ತೆ.

ಇಷ್ಟೆಲ್ಲ ಹೇಳಿದ್ರೂ ಕಸಿ ಗಿಡಾನೇ ಬೇಕು ಅನ್ನೋರು ಇರ್ತಾರೆ, ಬೇಡ ಅನ್ನಲ್ಲ. 1867ರಲ್ಲಿ ಬಂದ ಲಾ ಫ್ರಾನ್ಸ್, ಈಗಿನ ದೊಡ್ಡ ಹೂವಿನ ಗುಲಾಬಿಗಳ ಗುಂಪಿಗೆ ಹೈಬ್ರಿಡ್ ಟೀ ಅಂತಾರಲ್ಲ, ಅದರಲ್ಲಿ ಮೊದಲ್ನೇದು ಅಂತ ಹೆಸರಾಗಿದ್ದು, ಅದೂ ಗುಲಾಬಿ ಬಣ್ಣದ ಘಮಘಮ ಹೂವೇ, ಅಂದ್ರೆ ಹೈಬ್ರಿಡ್ ಎಲ್ಲ ಪರಿಮಳ ಇಲ್ಲದ್ದು ಅಂತೇನಿಲ್ಲ. 1954ರ ಕ್ವೀನ್ ಎಲಿಜಬೆತ್ ನೋಡಿ, ಚಂದಕ್ಕೆ ಎರಡು ಮಾತಿಲ್ಲ, ಪರಿಮಳ ಮಾತ್ರ ತೀರಾ ಕಮ್ಮಿ. ಹಾಗಾಗಿ ಹೆಸರು ನಂಬ್ಕೊಂಡು ತರ್ಬೇಡಿ, ಬೆಳಿಗ್ಗೆ ಎಂಟೊಂಬತ್ತು ಗಂಟೆ ಒಳಗೆ ಹೋಗಿ ಅರ್ಧ ಅರಳಿದ ಹೂ ಮೂಸಿ ನೋಡಿ ತನ್ನಿ, ಮಧ್ಯಾಹ್ನ ಹೋದ್ರೆ ಪರಿಮಳದ ಗಿಡವೂ ಮಂಕಾಗಿರತ್ತೆ. ನೆಡೋವಾಗ ಕಸಿಯ ಗಂಟು, ಅಂದ್ರೆ ಕೆಳಗಿನ ಕಾಡು ಗುಲಾಬಿಗೆ ಮೇಲಿನ ಗಿಡ ಕೂಡಿಸಿದ ಜಾಗ, ಮಣ್ಣಿಂದ ಮೇಲಿರ್ಲಿ. ಗಂಟಿನ ಕೆಳಗಿಂದ ಬರೋ ಚಿಗುರು ಕಂಡ ಕೂಡ್ಲೇ ಬುಡದಿಂದ ಕೀಳಿ. "ನಮ್ಮ ಗುಲಾಬಿ ಬಣ್ಣನೇ ಬದಲಾಗ್ಬಿಡ್ತು, ಸಣ್ಣ ಸಣ್ಣ ಬಿಳಿ ಹೂ ಗೊಂಚಲು ಬಿಡ್ತಿದೆ" ಅಂತ ಹೇಳ್ತಾರಲ್ಲ, ಬದಲಾಗಿದ್ದು ಏನೂ ಇಲ್ಲ, ಮೇಲಿನ ಗಿಡ ಸತ್ತು ಕೆಳಗಿನ ಕಾಡು ಗಿಡ ಎದ್ದು ನಿಂತಿರತ್ತೆ ಅಷ್ಟೆ. ಗೆಲ್ಲಿಂದ ಬಂದ ಪನ್ನೀರಲ್ಲಿ ಈ ರಗಳೆನೇ ಇಲ್ಲ, ಎಲ್ಲಿಂದ ಚಿಗುರಿದ್ರೂ ಅದು ಪನ್ನೀರೇ.

ಸವರೋದು ಚಿತ್ತ, ಸ್ವಾತಿ ಮಳೆ ಕಳೆದ ಮೇಲೆ, ದೀಪಾವಳಿ ಹಿಂದೆ ಮುಂದೆ. ಒಣಗಿದ್ದು, ಒಳಗಡೆ ಒಂದಕ್ಕೊಂದು ಉಜ್ಜೋದು, ತೀರಾ ಹಳೇದು ತೆಗೆದು ಉಳಿದಿದ್ದನ್ನ ಅರ್ಧಕ್ಕೆ ಇಳಿಸಿ, ಹೊರಗಡೆ ಮುಖ ಮಾಡಿರೋ ಕಣ್ಣಿನ, ಅಂದ್ರೆ ಚಿಗುರು ಒಡೆಯೋ ಜಾಗದ, ಮೇಲೆ ಕತ್ತರಿ ಹಾಕಿ. ವರ್ಷಕ್ಕೊಂದೇ ಸಲ ಬಿಡೋ ಡಮಾಸ್ಕ್ ಇದ್ರೆ ಮಾತ್ರ ಈಗ ಮುಟ್ಬೇಡಿ, ಅದು ಹೂ ಬಿಟ್ಟಾದ ಮೇಲೇ. ಎಡ್ವರ್ಡ್ ಆದ್ರೆ ಒಂದೂವರೆ ತಿಂಗಳಿಗೆಲ್ಲ ಮೊಗ್ಗು, ಧನುರ್ಮಾಸದ ಪೂಜೆಗೆ ಸರಿಯಾಗಿ ಹೂ.

ಆ ಸೀಸನ್ನಲ್ಲಿ ದೇವರಿಗೆ, ಮುಡಿಯೋಕೆ, ಪಕ್ಕದ್ಮನೆಗೆ ಅಂತ ಕೊಟ್ರೂ ಮಿಗತ್ತೆ. ಒಂದು ಕೆಜಿ ಗುಲಾಬಿ ಎಣ್ಣೆಗೆ 3-4 ಟನ್ ಎಸಳು ಬೇಕಂತೆ, ಅದು ನಮ್ಮ ಕೈಲಿ ಆಗೋದಲ್ಲ, ಗುಲ್ಕಂದ್ ಆಗತ್ತೆ. ಔಷಧಿ ಏನೂ ಹೊಡೀದೇ ಇರೋ ಗಿಡದ್ದೇ ಆಗ್ಬೇಕು, ಬೋರ್ಡೋ ಬಿದ್ದ ಮೇಲೆ ಬಂದ ಹೂವೂ ಬೇಡ, ಸವರಿದ ಮೇಲೆ ಹೊಸ ಚಿಗುರಲ್ಲಿ ಬಂದಿದ್ದು ತಗೊಳ್ಳಿ. ಎಸಳು ಬಿಡಿಸಿ, ತೊಳೆದು, ಬಟ್ಟೆ ಮೇಲೆ ನೀರಾರಿಸಿ, ಎಸಳಿನಷ್ಟೇ ತೂಕದ ಕಲ್ಲುಸಕ್ಕರೆ ಪುಡಿ, ಗಾಜಿನ ಭರಣೀಲಿ ಒಂದು ಪದರ ಎಸಳು ಒಂದು ಪದರ ಸಕ್ಕರೆ ಹಾಕ್ತಾ ಒತ್ತಿ ತುಂಬಿ ಮೂರ್ನಾಲ್ಕು ವಾರ ಬಿಸಿಲಿಗಿಡಿ, ನಡುನಡುವೆ ಕಲಕಿ. ಹಂಗೇ ಕೆಂಪಗೆ ಪಾಕ ಬಿಟ್ಕೊಂಡು ಮಾಗತ್ತೆ. ಪೇಟೆ ಗುಲ್ಕಂದಿನಷ್ಟು ಕಲರ್ ಬಂದಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ, ನಿಜವಾದ್ದು ಕಂದು ಬಣ್ಣಕ್ಕೇ ತಿರುಗೋದು. ಫ್ರಿಜ್ಜೇನೂ ಬೇಡ, ಒದ್ದೆ ಸ್ಪೂನ್ ಹಾಕ್ಬೇಡಿ ಸಾಕು.