ರೂಸ್‌ವೆಲ್ಟ್ ಪತ್ರಗಳನ್ನು ಬರೆದವರು ಯಾರು? ಕೇಳುವವರಿಗೆಲ್ಲ ಒಂದೇ ಉತ್ತರ

ಎರಡನೇ ಮಹಾಯುದ್ಧದ ಬಗ್ಗೆ ನಾನು ಎಲ್ಲೇ ಮಾತಾಡಲಿ, ಕೊನೆಗೆ ಈ ಪ್ರಶ್ನೆ ಬಂದೇ ಬರುತ್ತದೆ. "1945ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಾಯೋ ಸ್ಥಿತಿಯಲ್ಲಿದ್ದನಲ್ಲ, ಹಾಗಾದರೆ ಬ್ರಿಟನ್ನಿನ ಚರ್ಚಿಲ್‌ಗೂ ಸೋವಿಯತ್ ನಾಯಕ ಸ್ಟಾಲಿನ್‌ಗೂ ಅವನ ಹೆಸರಲ್ಲಿ ಹೋದ ಪತ್ರಗಳನ್ನು ಬರೆದವರು ಯಾರು?"

ಕರಡು ಬರೆದವರು ಬೇರೆಯವರು. ಪತ್ರ ಅವನದ್ದೇ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು.

ಕೇಳುವವರಲ್ಲಿ ಹೆಚ್ಚಿನವರಿಗೆ ಉತ್ತರ ಬೇಕಾಗಿರುವುದಿಲ್ಲ. ಅವರ ಉತ್ತರ ಅವರ ಹತ್ತಿರ ಸಿದ್ಧವಿರುತ್ತದೆ, ನಾನು ಹೂಂ ಅನ್ನಬೇಕು ಅಷ್ಟೇ. ಒಂದು ಕಾಲೇಜಿನಲ್ಲಿ ಮಾತು ಮುಗಿಸಿ ಕೂತಿದ್ದೆ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು, "ಮೇಷ್ಟ್ರೇ, ಇದು ಸಾಯೋ ಮುದುಕನ ಕೈ ಹಿಡಿದು ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಹಾಗೆ ಅಲ್ವಾ?" ಅಂದರು. ಸಭೆ ಗೊಳ್ಳೆಂದು ನಕ್ಕಿತು. ನಾನು ಅಷ್ಟು ಹೊತ್ತು ಹೇಳಿದ್ದೆಲ್ಲ ಆ ನಗುವಿನಲ್ಲಿ ತೊಳೆದುಹೋಯಿತು. ಹೊರಗೆ ಟೀ ಕುಡಿಯುವಾಗಲೂ ಹುಡುಗರು ಬಂದು ಹೆಬ್ಬೆಟ್ಟಿನ ಬಗ್ಗೆಯೇ ಕೇಳಿದರು. ಸರಿ, ಹೆಬ್ಬೆಟ್ಟಿನಿಂದಲೇ ಶುರು ಮಾಡೋಣ.

ಹೆಬ್ಬೆಟ್ಟು ಒತ್ತುವವನಿಗೆ ಪತ್ರದಲ್ಲಿ ಏನಿದೆ ಅನ್ನುವುದು ಗೊತ್ತಿರುವುದಿಲ್ಲ. ರೂಸ್‌ವೆಲ್ಟ್‌ಗೆ ಗೊತ್ತಿತ್ತು. ಅವನ ಪತ್ರಗಳ ಕರಡನ್ನು ಬೇರೆಯವರು ಬರೆಯುವುದು ಕಾಯಿಲೆ ಬಂದ ಮೇಲೆ ಶುರುವಾದದ್ದೂ ಅಲ್ಲ. ಅವನ ಮತ್ತು ಚರ್ಚಿಲ್ ನಡುವೆ ಓಡಾಡಿದ ಸಂದೇಶಗಳು ಎರಡು ಸಾವಿರದ ಹತ್ತಿರ. ಚರ್ಚಿಲ್ ತನ್ನದನ್ನು ತಾನೇ ಹೇಳಿ ಬರೆಸುತ್ತಿದ್ದ, ಅದೂ ಉದ್ದುದ್ದ. ರೂಸ್‌ವೆಲ್ಟ್ ಮೊದಲಿನಿಂದಲೂ ಕರಡು ತರಿಸಿಕೊಂಡು, ತಿದ್ದಿ, ಒಪ್ಪಿಗೆ ಹಾಕುವವನು. ಶ್ವೇತಭವನದ ನೆಲಮಹಡಿಯಲ್ಲಿ ಮ್ಯಾಪ್ ರೂಮ್ ಅಂತ ಒಂದು ಕೋಣೆ ಇತ್ತು. ಅಲ್ಲಿಂದ ಹೊರಗೆ ಹೋಗುವ ತಂತಿಗಳು ನೌಕಾಪಡೆಯ ಗುಪ್ತಲಿಪಿಯಲ್ಲಿ ಹೋಗುತ್ತಿದ್ದವು, ಒಳಗೆ ಬರುವವು ಭೂಸೇನೆಯ ಗುಪ್ತಲಿಪಿಯಲ್ಲಿ ಬರುತ್ತಿದ್ದವು. ಪ್ರಶ್ನೆ ಒಂದು ಇಲಾಖೆಯಲ್ಲಿ, ಉತ್ತರ ಇನ್ನೊಂದರಲ್ಲಿ. ಪೂರ್ತಿ ಕಡತ ಇದ್ದದ್ದು ಆ ಕೋಣೆಯಲ್ಲಿ ಮಾತ್ರ. ಇಂಥ ಏರ್ಪಾಡು ಮಾಡಿಸಿದವನನ್ನು ಹೆಬ್ಬೆಟ್ಟಿನ ಮುದುಕ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಕಾಯಿಲೆ ಸುಳ್ಳಲ್ಲ. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞ ಹೊವಾರ್ಡ್ ಬ್ರೂನ್ ಪರೀಕ್ಷೆ ಮಾಡಿದಾಗ ರಕ್ತದೊತ್ತಡ 186/108 ಇತ್ತು, ಹೃದಯ ಸೋಲುತ್ತಿತ್ತು. ಶ್ವೇತಭವನದ ವೈದ್ಯ ಮ್ಯಾಕಿಂಟೈರ್ ಮಾತ್ರ ಅಧ್ಯಕ್ಷರು ಆರೋಗ್ಯವಾಗಿದ್ದಾರೆ ಅಂತಲೇ ಜನರಿಗೆ ಹೇಳುತ್ತಾ ಬಂದ. ಅವನು ಮೂಲತಃ ಕಿವಿ, ಮೂಗು, ಗಂಟಲಿನ ಡಾಕ್ಟರ್. ರೋಗಿಗೂ ಯಾರೂ ಬಿಡಿಸಿ ಹೇಳಲಿಲ್ಲ, ರೋಗಿಯೂ ಕೇಳಲಿಲ್ಲ. 1945ರ ಫೆಬ್ರವರಿಯಲ್ಲಿ ಚರ್ಚಿಲ್, ಸ್ಟಾಲಿನ್ ಜೊತೆಗಿನ ಸಭೆಗೆಂದು ಯಾಲ್ಟಾಕ್ಕೆ ಹೋಗಿ ಬಂದ. ಅಲ್ಲಿ ಚರ್ಚಿಲ್‌ನ ವೈದ್ಯ ಮೊರಾನ್ ಇವನನ್ನು ನೋಡಿ, ಇನ್ನು ಕೆಲವೇ ತಿಂಗಳು ಅಂತ ಬರೆದಿಟ್ಟುಕೊಂಡ. ಮಾರ್ಚ್ ಕೊನೆಗೆ ರೂಸ್‌ವೆಲ್ಟ್ ವಿಶ್ರಾಂತಿಗೆಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದ. ಮೊದಲಿನಿಂದ ಜೊತೆಗಿದ್ದ ಆಪ್ತ ಸಲಹೆಗಾರ ಹ್ಯಾರಿ ಹಾಪ್ಕಿನ್ಸ್ ತಾನೇ ಕಾಯಿಲೆ ಬಿದ್ದು ಮೇಯೊ ಕ್ಲಿನಿಕ್ ಸೇರಿದ್ದ. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷರ ಸೇನಾ ಸಲಹೆಗಾರ ಅಡ್ಮಿರಲ್ ಲೀಹಿ ಕರಡು ಮಾಡಿ ಕಳಿಸುವುದು, ಇವನು ನೋಡಿ ಒಪ್ಪುವುದು, ಹೀಗೆ ನಡೆಯುತ್ತಿತ್ತು.

ಆ ಹೊತ್ತಿಗೇ ಸ್ಟಾಲಿನ್ ಜೊತೆ ದೊಡ್ಡ ಜಗಳ. ಇಟಲಿಯಲ್ಲಿದ್ದ ಜರ್ಮನ್ ಸೇನೆಯ ಶರಣಾಗತಿಗೆ ಸ್ವಿಟ್ಜರ್ಲೆಂಡ್‌ನಲ್ಲಿ ಅಮೆರಿಕದ ಗುಪ್ತಚರ ಅಧಿಕಾರಿ ಅಲೆನ್ ಡಲ್ಲೆಸ್ ಮತ್ತು ನಾಜಿಗಳ ಎಸ್‌ಎಸ್ ಪಡೆಯ ಜನರಲ್ ಕಾರ್ಲ್ ವುಲ್ಫ್ ಮಾತಾಡಿದ್ದರು. ಬರ್ನ್ ಪ್ರಕರಣ ಅಂತ ಇದಕ್ಕೆ ಹೆಸರು. ನಮ್ಮ ಬೆನ್ನ ಹಿಂದೆ ಜರ್ಮನ್ನರ ಜೊತೆ ವ್ಯಾಪಾರ ಕುದುರಿಸುತ್ತಿದ್ದೀರಿ, ಪಶ್ಚಿಮದಲ್ಲಿ ಅವರು ನಿಮಗೆ ದಾರಿ ಬಿಟ್ಟುಕೊಡುತ್ತಿದ್ದಾರೆ ಅಂತ ಏಪ್ರಿಲ್ 3ರಂದು ಸ್ಟಾಲಿನ್ ಬರೆದ. ಮರುದಿನವೇ ರೂಸ್‌ವೆಲ್ಟ್ ಹೆಸರಲ್ಲಿ ಉತ್ತರ ಹೋಯಿತು. ನನ್ನ ಬಗ್ಗೆ, ನನ್ನ ನಂಬಿಕೆಯ ಅಧಿಕಾರಿಗಳ ಬಗ್ಗೆ ಇಷ್ಟು ಹೀನವಾದ ಸುಳ್ಳು ಹೇಳಿದ ನಿಮ್ಮ ಸುದ್ದಿಗಾರರ ಮೇಲೆ, ಅವರು ಯಾರೇ ಆಗಿರಲಿ, ನನಗೆ ಕಡು ಕೋಪ ಬಂದಿದೆ ಅನ್ನುವ ಧಾಟಿಯ ಪತ್ರ ಅದು. ಕರಡು ಅಮೆರಿಕದ ಭೂಸೇನೆಯ ಮುಖ್ಯಸ್ಥ ಜನರಲ್ ಮಾರ್ಷಲ್ ಕಡೆಯದ್ದು. ನಿಮ್ಮ ಪ್ರಾಮಾಣಿಕತೆಯನ್ನು ನಾನು ಎಂದೂ ಅನುಮಾನಿಸಿಲ್ಲ ಅಂತ ಏಪ್ರಿಲ್ 7ರಂದು ಸ್ಟಾಲಿನ್ ಸ್ವಲ್ಪ ಇಳಿದು ಬಂದ.

ಹೆಬ್ಬೆಟ್ಟಿನವರು ಇನ್ನು ಮುಂದಿನದನ್ನು ನಿಧಾನವಾಗಿ ಓದಿ.

ಏಪ್ರಿಲ್ 11ರಂದು ರೂಸ್‌ವೆಲ್ಟ್ ಚರ್ಚಿಲ್‌ಗೆ ಒಂದು ಚಿಕ್ಕ ತಂತಿ ಕಳಿಸಿದ. ಇದನ್ನು ಅವನೇ ಸ್ವಂತವಾಗಿ ಬರೆದದ್ದು. ಆ ಕೊನೆಯ ದಿನಗಳಲ್ಲಿ ಹಾಗೆ ಬರೆದದ್ದು ತೀರಾ ಕಡಿಮೆ. ಸೋವಿಯತ್ ತಕರಾರುಗಳನ್ನು ಆದಷ್ಟು ದೊಡ್ಡದು ಮಾಡಬೇಡ, ಇಂಥವು ದಿನಾ ಒಂದಿಲ್ಲೊಂದು ಬರುತ್ತವೆ, ಬರ್ನ್ ವಿಷಯದ ಹಾಗೆ ಹೆಚ್ಚಿನವು ಸರಿಹೋಗುತ್ತವೆ, ಆದರೆ ನಾವು ಗಟ್ಟಿಯಾಗಿ ನಿಲ್ಲಬೇಕು. ಇದಿಷ್ಟೇ ಅದರ ಸಾರ. ಅದೇ ಹೊತ್ತಿಗೆ ಸ್ಟಾಲಿನ್‌ಗೂ ಒಂದು ತಂತಿ ಹೊರಟಿತ್ತು. ಬರ್ನ್ ಪ್ರಕರಣ ಮುಗಿದ ಕಥೆ, ಇಂಥ ಸಣ್ಣಪುಟ್ಟ ತಪ್ಪು ತಿಳಿವಳಿಕೆಗಳು ಮುಂದೆ ಬರಬಾರದು ಅಂತ ಅದರಲ್ಲಿತ್ತು. ಮಾಸ್ಕೋದಲ್ಲಿದ್ದ ರಾಯಭಾರಿ ಹ್ಯಾರಿಮನ್ ಅದನ್ನು ಕೊಡದೆ ತಡೆಹಿಡಿದ. ಇದು ನಮಗೆ ಸಣ್ಣದಲ್ಲ, ಆ ಮಾತು ತೆಗೆಯೋಣ ಅಂತ ಕೇಳಿ ಕಳಿಸಿದ. ಏಪ್ರಿಲ್ 12ರಂದು ಉತ್ತರ ಹೋಯಿತು. ಆ ಮಾತು ತೆಗೆಯಬೇಡ, ಬರ್ನ್ ವಿಷಯವನ್ನು ಸಣ್ಣದು ಅಂತಲೇ ನೋಡುವುದು ನನ್ನ ಇಚ್ಛೆ.

ಹೌದು, ಈ ಉತ್ತರದ ಕರಡೂ ಲೀಹಿಯದ್ದೇ. ಅದು ನನಗೂ ಗೊತ್ತು. ಆದರೆ ಹಿಂದಿನ ದಿನ ಅವನೇ ಚರ್ಚಿಲ್‌ಗೆ ಬರೆದದ್ದನ್ನು ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಇರುವುದು ಒಂದೇ ಯೋಚನೆ. ಸಾಯುವ ದಿನವೂ ತನ್ನ ರಾಯಭಾರಿಯ ಸಲಹೆಯನ್ನು ತಳ್ಳಿಹಾಕಿದ ಮನುಷ್ಯ ಇವನು. ಆ ನಿಲುವು ಸರಿಯಿತ್ತಾ ಅಂತ ಜಗಳ ಆಡೋಣ, ನಾನು ಸಿದ್ಧ. ಅವನದ್ದಲ್ಲ ಅಂತ ಮಾತ್ರ ಹೇಳಬೇಡಿ.

ಆ ಬೆಳಿಗ್ಗೆಯ ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಕಾರ್ಯದರ್ಶಿ ಹ್ಯಾಸೆಟ್ ಟಪಾಲು ತಂದಿದ್ದ. ರೂಸ್‌ವೆಲ್ಟ್ ಒಂದೊಂದಾಗಿ ಸಹಿ ಹಾಕುತ್ತಿದ್ದ. ಶಾಯಿ ಒಣಗಲಿ ಅಂತ ಹ್ಯಾಸೆಟ್ ಹಾಳೆಗಳನ್ನು ಕುರ್ಚಿ, ಮೇಜು ಎಲ್ಲದರ ಮೇಲೆ ಹರವುತ್ತಿದ್ದ. ಇಬ್ಬರೂ ಇದಕ್ಕೆ ಬಟ್ಟೆ ಒಣಹಾಕುವುದು ಅಂತ ಹೆಸರಿಟ್ಟಿದ್ದರು. ಒಂದು ಮಸೂದೆ ಕೈಗೆ ಬಂದಾಗ ರೂಸ್‌ವೆಲ್ಟ್, "ಇಗೋ, ಇಲ್ಲಿ ನಾನು ಕಾನೂನು ಮಾಡುತ್ತೇನೆ" ಅಂದ. ಚಿತ್ರ ಬರೆಯಲು ಕಾದಿದ್ದ ಕಲಾವಿದೆಗೆ ಈ ಒಣಹಾಕುವ ಗಲಾಟೆಯಿಂದ ಸಿಟ್ಟು. ಮಧ್ಯಾಹ್ನ ಒಂದೂಕಾಲರ ಸುಮಾರಿಗೆ ಅವನು ತಲೆ ಹಿಡಿದುಕೊಂಡು ಕುಸಿದ. ಮೂರೂವರೆ ಹೊತ್ತಿಗೆ ಮುಗಿದುಹೋಯಿತು. ಮೆದುಳಿನ ರಕ್ತಸ್ರಾವ. ವಯಸ್ಸು 63.

ಇನ್ನೊಂದು ಮಾತು. ಕಾಯಿಲೆಯವನ ತೀರ್ಮಾನ ಅಂತ ರೂಸ್‌ವೆಲ್ಟ್‌ನನ್ನೇ ಯಾಕೆ ಹಿಡಿದುಕೊಳ್ಳುತ್ತೀರಿ? 1943ರ ಡಿಸೆಂಬರ್‌ನಲ್ಲಿ ಚರ್ಚಿಲ್ ಟ್ಯುನಿಸ್ ಪಕ್ಕದ ಕಾರ್ಥೇಜ್‌ನಲ್ಲಿ ನ್ಯುಮೋನಿಯಾ ಆಗಿ ಮಲಗಿದ್ದ. ಕಾರ್ಥೇಜಿನ ಅವಶೇಷಗಳ ನಡುವೆ ಸಿಕ್ಕಿಬಿದ್ದಿದ್ದೇನೆ ಅಂತ ರೂಸ್‌ವೆಲ್ಟ್‌ಗೆ ಬರೆದ. ಎಂ ಅಂಡ್ ಬಿ ಅನ್ನುವ ಮಾತ್ರೆಯಿಂದ ಗುಣವಾಯಿತು. ತನ್ನ ಡಾಕ್ಟರುಗಳಾದ ಮೊರಾನ್ ಮತ್ತು ಬೆಡ್‌ಫರ್ಡ್‌ರನ್ನೂ ಅವನು ಎಂ ಅಂಡ್ ಬಿ ಅಂತಲೇ ಕರೆದ. ಹಾಸಿಗೆಯಿಂದಲೇ ಇಟಲಿಯ ಕರಾವಳಿಯ ಆಂಜಿಯೊದಲ್ಲಿ ಸೇನೆ ಇಳಿಸುವ ದಾಳಿಯನ್ನು ಹಟ ಹಿಡಿದು ಮೇಲೆತ್ತಿದ. ಕ್ರಿಸ್‌ಮಸ್ ದಿನ ಸೇನಾಪತಿಗಳನ್ನು ಅಲ್ಲಿಗೇ ಕರೆಸಿದ. ಸೈನಿಕರನ್ನೂ ಟ್ಯಾಂಕ್‌ಗಳನ್ನೂ ದಡಕ್ಕಿಳಿಸುವ 56 ಹಡಗುಗಳನ್ನು ಇನ್ನಷ್ಟು ದಿನ ಮೆಡಿಟರೇನಿಯನ್‌ನಲ್ಲೇ ಇಟ್ಟುಕೊಳ್ಳಲು ರೂಸ್‌ವೆಲ್ಟ್‌ಗೆ ತಂತಿ ಹೊಡೆದು ಒಪ್ಪಿಸಿದ. 1944ರ ಜನವರಿ 22ರಂದು ಸೇನೆ ಇಳಿಯಿತು, ಮೇ ತಿಂಗಳವರೆಗೆ ಅಲ್ಲೇ ಸಿಕ್ಕಿಕೊಂಡಿತು. ಅದರ ಮೇಲಿನ ಒತ್ತಡ ಇಳಿಸಬೇಕು ಅಂತ ಫೆಬ್ರವರಿಯಲ್ಲಿ ಕಸಿನೊ ಬೆಟ್ಟಕ್ಕೆ ಅವಸರದಲ್ಲಿ ನುಗ್ಗಿಸಿದವರಲ್ಲಿ ನಮ್ಮ 4ನೇ ಇಂಡಿಯನ್ ಡಿವಿಷನ್ ಇತ್ತು. ಅಲ್ಲಿ ಸತ್ತ ನಮ್ಮವರ ಲೆಕ್ಕ ಕೇಳುವಾಗ ಚರ್ಚಿಲ್‌ನ ಜ್ವರದ ಮಾತು ಯಾರೂ ಎತ್ತುವುದಿಲ್ಲ. ಎತ್ತಬೇಕು ಅಂತ ನಾನೂ ಹೇಳುತ್ತಿಲ್ಲ. ಒಬ್ಬನಿಗೆ ಒಂದು ನ್ಯಾಯ, ಇನ್ನೊಬ್ಬನಿಗೆ ಒಂದು ನ್ಯಾಯ ಬೇಡ ಅಷ್ಟೇ.

ಇಷ್ಟೆಲ್ಲ ಬರೆದ ಮೇಲೂ ನಾನು ಕಾಯುತ್ತಿರುವ ಪ್ರಶ್ನೆಯೇ ಬೇರೆ. ರೂಸ್‌ವೆಲ್ಟ್ ಸತ್ತ ಮೇಲೆ ಅಧ್ಯಕ್ಷನಾದ ಟ್ರೂಮನ್‌ಗೆ ಮೊದಲೇ ಯಾಕೆ ಏನೂ ತೋರಿಸಲಿಲ್ಲ?

1944ರ ಆಗಸ್ಟ್‌ನಲ್ಲಿ ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಬ್ಬರೂ ಒಟ್ಟಿಗೆ ಊಟ ಮಾಡಿದ್ದರು. ಕಪ್ಪಿಗೆ ಕ್ರೀಮ್ ಹಾಕಲು ಹೋದ ರೂಸ್‌ವೆಲ್ಟ್‌ನ ಕೈ ಎಷ್ಟು ನಡುಗುತ್ತಿತ್ತೆಂದರೆ ಅದು ಕಪ್ಪಿಗಿಂತ ಜಾಸ್ತಿ ತಟ್ಟೆಗೇ ಬಿತ್ತು. ಟ್ರೂಮನ್ ನೋಡಿದ, ಗಾಬರಿಯಾದ. 1945ರ ಜನವರಿ 20ರಿಂದ ಅವನು ಉಪಾಧ್ಯಕ್ಷ. ಮುಂದಿನ 82 ದಿನ ಸ್ಟಾಲಿನ್ ಜೊತೆಗಿನ ಈ ಪತ್ರವ್ಯವಹಾರದಿಂದ ಅವನನ್ನು ಹೊರಗೇ ಇಟ್ಟರು. ಅಣುಬಾಂಬಿನ ಪೂರ್ತಿ ವಿವರವನ್ನು ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಅವನಿಗೆ ಹೇಳಿದ್ದು ಏಪ್ರಿಲ್ 25ಕ್ಕೆ, ಅಧ್ಯಕ್ಷನಾದ ಮೇಲೆ. ಕಡತಗಳನ್ನು ರಾತ್ರಿಯೆಲ್ಲ ಓದುತ್ತಾ, ಏಪ್ರಿಲ್ 23ರಂದು ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಎದುರು ಕೂತು ಖಾರವಾಗಿ ಮಾತಾಡಬೇಕಾಯಿತು.

ನಾನು ಇಲ್ಲಿಯವರೆಗೆ ರೂಸ್‌ವೆಲ್ಟ್ ಪರ ವಾದಿಸಿದೆ. ಇಲ್ಲಿ ತಪ್ಪು ಅವನದ್ದೇ. ಟ್ರೂಮನ್‌ನನ್ನು ಕೂರಿಸಿ ಕಡತ ತೋರಿಸಿದ್ದರೆ ತಾನು ಉಳಿಯುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ಅದಕ್ಕೆ ಅವನು ತಯಾರಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸುತ್ತಲಿದ್ದ ಲೀಹಿ, ಮಾರ್ಷಲ್, ಡಾಕ್ಟರುಗಳು ಯಾರೂ ಆ ಮಾತು ಎತ್ತಲಿಲ್ಲ. ಆಮೇಲೆ ಅವನ ವೈದ್ಯಕೀಯ ದಾಖಲೆಗಳೇ ಆಸ್ಪತ್ರೆಯ ತಿಜೋರಿಯಿಂದ ಕಾಣೆಯಾದವು.

ಅಧ್ಯಕ್ಷನಿಗೆ ಕೆಲಸ ಮಾಡಲಾಗದಿದ್ದರೆ ಏನು ಮಾಡಬೇಕು ಅಂತ ಅಮೆರಿಕದ ಸಂವಿಧಾನಕ್ಕೆ 25ನೇ ತಿದ್ದುಪಡಿ ಬಂದದ್ದು 1967ರಲ್ಲಿ. ಉಪಾಧ್ಯಕ್ಷನಿಗೆ ಕಡತ ತೋರಿಸಲೇಬೇಕು ಅಂತ ಅದರಲ್ಲೂ ಎಲ್ಲೂ ಬರೆದಿಲ್ಲ. ಮುಂದಿನ ಸಲ ಸಿಕ್ಕಾಗ ಇದನ್ನು ಕೇಳಿ, ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ.