ಅಡುಗೆ ಪುಸ್ತಕ ಒಳ್ಳೇದು ಅಂತ ಹೇಗೆ ಗೊತ್ತಾಗುತ್ತೆ?

ನಮ್ಮ ಮನೆಯಲ್ಲಿರುವ ಅಡುಗೆ ಪುಸ್ತಕಗಳನ್ನು ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಹೊಸ ಪುಸ್ತಕ ತಗೊಳ್ಳುವಾಗ ಅದು ಒಳ್ಳೇದಾ ಅಂತ ಹೇಗೆ ಗೊತ್ತಾಗುತ್ತೆ?"

ನನಗೆ ಚೆನ್ನಾಗಿ ಬರುವ ಅಡುಗೆಯ ಪುಟವನ್ನೇ ಮೊದಲು ತೆಗೆಯುತ್ತೇನೆ. ಕೋಲಾರದವಳು ನಾನು, ಹಾಗಾಗಿ ಬಸ್ಸಾರು. ಸೊಪ್ಪು, ಬೇಳೆ ಬೇಯಿಸಿ ಕಟ್ಟು ಬಸಿದು ಅದರಲ್ಲಿ ಸಾರು ಮಾಡಬೇಕು, ಉಳಿದಿದ್ದು ಪಲ್ಯಕ್ಕೆ. ಬೇಳೆ ಪೂರ್ತಿ ಕರಗಿಬಿಟ್ಟರೆ ಪಲ್ಯ ಉದುರುದುರಾಗಿ ಬರಲ್ಲ. ಬೆರಳಲ್ಲಿ ಹಿಸುಕಿದರೆ ಮೆತ್ತಗಿರಬೇಕು, ಆದರೆ ಕಾಳು ಕಾಳಾಗೇ ಕಾಣಬೇಕು. ಮಸಾಲೆ ರುಬ್ಬುವಾಗ ಬೆಂದ ಸೊಪ್ಪು, ಬೇಳೆಯನ್ನೇ ಒಂದು ಹಿಡಿ ಹಾಕಿದರೆ ಸಾರು ನೀರುನೀರಾಗಲ್ಲ. ಇಷ್ಟನ್ನು ಪುಸ್ತಕದಲ್ಲಿ ಬರೆದಿದ್ದರೆ, ಬರೆದವರು ಒಲೆ ಮುಂದೆ ನಿಂತು ಬರೆದಿದ್ದಾರೆ ಅಂತ ನಂಬುತ್ತೇನೆ. "ಹದವಾಗಿ ಬೇಯಿಸಿ" ಅಂತಷ್ಟೇ ಬರೆದು ಮುಂದೆ ಹೋಗಿದ್ದರೆ, ಫೋಟೋ ಎಷ್ಟೇ ಚೆನ್ನಾಗಿರಲಿ, ಪುಸ್ತಕ ವಾಪಸ್ ಇಟ್ಟುಬಿಡುತ್ತೇನೆ.

ಆಮೇಲೆ ಅಳತೆ. ಹಳೇ ಪುಸ್ತಕದಲ್ಲಿ ಪಾವು, ಸೇರು ಇದ್ದರೂ ತೊಂದರೆ ಇಲ್ಲ, 4 ಪಾವಿಗೆ ಒಂದು ಸೇರು ಅಂತ ಗೊತ್ತಿದ್ದರೆ ಸಾಕು. "ಒಂದು ಲೋಟ" ಅಂತ ಬರೆದರೆ ಯಾರ ಮನೆ ಲೋಟ ಅಂತ ಹೇಳಬೇಕಲ್ವಾ?

ಜಾಸ್ತಿ ಗಮನ ಬೇಕಾದದ್ದು ಖಾರ ಮತ್ತು ಹುಳಿಗೆ. ಕರಾವಳಿ ಕಡೆಯ ಪುಸ್ತಕ ತೆಗೆದರೆ ಒಂದು ಗಸಿಗೆ ಹತ್ತು ಹನ್ನೆರಡು ಒಣಮೆಣಸಿನಕಾಯಿ ಅಂತ ಇರುತ್ತೆ. ಅದು ಬ್ಯಾಡಗಿ, ಬಣ್ಣ ಜಾಸ್ತಿ, ಖಾರ ಕಮ್ಮಿ. ನಮ್ಮ ಕಡೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಗುಂಟೂರು ಕಾಯಿಯನ್ನು ಅಷ್ಟೇ ಲೆಕ್ಕದಲ್ಲಿ ಹಾಕಿದರೆ ಬಾಯಿಗಿಡಕ್ಕೆ ಆಗಲ್ಲ. ಹಾಗೇ ಟೊಮೆಟೊ. ನಾಟಿ ಟೊಮೆಟೊ ಹುಳಿ, ಗಟ್ಟಿ ಸಿಪ್ಪೆಯ ಹೈಬ್ರಿಡ್‌ನಲ್ಲಿ ಆ ಹುಳಿ ಇರಲ್ಲ. ನಾಟಿ ಹಾಕಿದ ದಿನ ಪುಸ್ತಕ ಹೇಳಿದ ಹುಣಸೆಹಣ್ಣಿನಲ್ಲಿ ಅರ್ಧ ಸಾಕು. ಯಾವ ಮೆಣಸಿನಕಾಯಿ, ಯಾವ ಟೊಮೆಟೊ ಅಂತ ಹೇಳುವ ಪುಸ್ತಕ ಸಿಕ್ಕರೆ ಬಿಡಬೇಡಿ.

"ಇದೆಲ್ಲ ನಮ್ಮ ಕಡೆ ಅಡುಗೆ ಅಲ್ಲ" ಅನ್ನುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರಿಗೆ ನಾನು ಮಂಗರಸನ ಸೂಪಶಾಸ್ತ್ರದ ವಿಷಯ ಹೇಳುತ್ತೇನೆ. 1508ರಲ್ಲಿ ಕನ್ನಡ ಪದ್ಯದಲ್ಲಿ ಬರೆದ ಅಡುಗೆ ಪುಸ್ತಕ ಅದು. ಅದರಲ್ಲಿ ಮೆಣಸಿನಕಾಯಿಯೂ ಇಲ್ಲ, ಟೊಮೆಟೊನೂ ಇಲ್ಲ. ಎರಡೂ ಅಮೆರಿಕ ಖಂಡದವು, ಯುರೋಪಿನ ವ್ಯಾಪಾರಿಗಳಿಂದ ಆಮೇಲೆ ಇಲ್ಲಿಗೆ ಬಂದವು. ಈಗ ಕೋಲಾರ ಅಂದರೆ ಟೊಮೆಟೊ ಮಂಡಿಯೇ ಎಲ್ಲರಿಗೂ ನೆನಪಾಗೋದು!

ಪುಸ್ತಕ ಮನೆಗೆ ಬಂದ ಮೇಲೆ, ಮೊದಲ ಸಲ ಅದರಲ್ಲಿ ಇರುವ ಹಾಗೇ ಮಾಡಿ. ಬೆಲ್ಲ ಹಾಕಿ ಅಂದರೆ ಹಾಕಿ. ನಮ್ಮ ರುಚಿಗೆ ಮೊದಲೇ ಬದಲಾಯಿಸಿಬಿಟ್ಟರೆ ಅವರ ಅಡುಗೆ ಹೇಗಿತ್ತು ಅಂತ ಗೊತ್ತೇ ಆಗಲ್ಲ. ಎರಡನೇ ಸಲದಿಂದ ನಿಮ್ಮಿಷ್ಟ. ಬದಲಾಯಿಸಿದ್ದನ್ನು ಪುಟದ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆದಿಡಿ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ಸಂತೆಯಲ್ಲಿ ಆ ವಾರ ಏನು ಚೆನ್ನಾಗಿದೆಯೋ ಅದರಿಂದ. ಡಿಸೆಂಬರ್‌ನಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆ ಸಾರು ಬಿಟ್ಟು ಬೇರೆ ಏನು ಮಾಡಬಹುದು ಅಂತ ಹುಡುಕಿ. ಎಳೇ ಬದನೆಕಾಯಿ ಸಿಕ್ಕಿದರೆ ಉತ್ತರ ಕರ್ನಾಟಕದ ಎಣ್ಣೆಗಾಯಿ ಮಾಡಿ ನೋಡಿ. ಅದಕ್ಕೆ ಶೇಂಗಾ, ಒಣಕೊಬ್ಬರಿ, ಹುಣಸೆ, ಬೆಲ್ಲ, ಜೊತೆಗೆ ಹುರಿದ ಗುರೆಳ್ಳಿನ ಪುಡಿ ಬೇಕು. ಗುರೆಳ್ಳು ಅಂದರೆ ನಮ್ಮ ಹುಚ್ಚೆಳ್ಳೇ, ಎಲ್ಲೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿಯಿರಿ, ಜಾಸ್ತಿ ಆದರೆ ಕಹಿ ಬರುತ್ತೆ. ಜೋಳದ ರೊಟ್ಟಿ ತಟ್ಟೋಕೆ ಬರದಿದ್ದರೆ ರಾಗಿ ರೊಟ್ಟಿ ಮಾಡಿಕೊಳ್ಳಿ, ನಮ್ಮ ಮನೆಯವರಿಗೆ ಹಾಗೇ ಇಷ್ಟ.